ದಾರ ನನ್ನ ಕೈಗೆ ಕೊಡು

"ಇವ್ರಿಗೆ ಏನಾಗೈತಮ್ಮ?"

ಬಾಗಿಲಲ್ಲಿ ನಿಂತವನು ಕೇಳಿದ್ದು ಮರುಳಸಿದ್ದಮ್ಮನನ್ನು. ಅವನ ಕಣ್ಣು ಮಾತ್ರ ವೀಲ್‌ಚೇರಿನಲ್ಲಿ ಕೂತಿದ್ದ ಅವರ ಮಗಳ ಕಾಲಿನ ಮೇಲಿತ್ತು!

ತೊಡೆಯ ಮೇಲೆ ಬಿದಿರು ಇಟ್ಟುಕೊಂಡು ಕಡ್ಡಿ ಸೀಳುತ್ತಿದ್ದ ದಾಕ್ಷಾಯಿಣಿ ತಲೆ ಎತ್ತಿದಳು. ಕೈಯಲ್ಲಿ ಚಾಕು ಬೇರೆ ಇತ್ತು.

"ಯಾಕ್ರೀ, ನನ್ನ ಕೇಳಿದ್ರೆ ನಾನು ಹೇಳಲ್ವಾ? ಕೆಲಸ ನಿಲ್ಲಿಸಿರೋದು ಕಾಲು. ಬಾಯಿ ಚೆನ್ನಾಗೇ ಐತೆ!"

ಅವನು ಬೆಚ್ಚಿಬಿದ್ದ.

"ಅಲ್ಲ... ತಪ್ಪಾಯ್ತು... ಗಾಳಿಪಟ ಮಾಡೋರ ಮನೆ ಇದೇ ಅಂದ್ರು. ಯಜಮಾನ್ರು ಒಳಗೆ ಅವ್ರಾ?"

"ಯಜಮಾನ್ರು ನಿಮ್ಮ ಎದುರಿಗೇ ಕುಂತವ್ರೆ. ಎಂಥ ಪಟ ಬೇಕು ಹೇಳ್ರಿ. ಇಲ್ಲಾಂದ್ರೆ ಬಾಗಿಲು ಬಿಡ್ರಿ, ಬೆಳಕು ಬರ್ಲಿ."

ಮರುಳಸಿದ್ದಮ್ಮ ಹಣೆ ಚಚ್ಚಿಕೊಂಡರು. "ಬಂದೋರ ಜೊತೆ ಹಿಂಗಾ ಮಾತಾಡೋದು? ಕುಂತ್ಕಳಪ್ಪ, ಅವಳ ಮಾತು ಯಾವಾಗ್ಲೂ ಹಿಂಗೇ."

ಅವನು ಕೂತ. ಹೆಸರು ಕೊಟ್ರೇಶ್. ಹಿರಿಯೂರಲ್ಲಿ ಮದುವೆಯಾಗಲಿ, ತಿಥಿಯಾಗಲಿ, ರಾಜಕೀಯದವರ ಭಾಷಣವಾಗಲಿ, ಮೈಕ್‌ಸೆಟ್ ಇವನದೇ. ಊರಿಗೆಲ್ಲ ಕೇಳುವ ಹಾಗೆ ಕೂಗುವ ಗಂಟಲು ಇವತ್ತು ಮಾತ್ರ ಒಂದು ಹುಡುಗಿಯ ಮುಂದೆ ಒಣಗಿಹೋಗಿತ್ತು!

ಆಷಾಢ ಅಂದರೆ ಬೇರೆ ಕಡೆ ಹೊಸ ಗಂಡ ಹೆಂಡತಿಯರಿಗೆ ವಿರಹ. ಹಿರಿಯೂರಲ್ಲಿ ಆಷಾಢ ಅಂದರೆ ಗಾಳಿಪಟ! ಬಟ್ಟೆ ಒಣಹಾಕಿದರೆ ಪಕ್ಕದ ಬೀದಿಗೆ ಹೋಗುವಂಥ ಗಾಳಿ. ಮುದುಕರೂ ಮಾಳಿಗೆ ಹತ್ತಿ ನಿಲ್ಲುವ ತಿಂಗಳು. ಅವರೆಲ್ಲ ಹಾರಿಸುವ ಪಟಗಳಲ್ಲಿ ಅರ್ಧಕ್ಕರ್ಧ ಇದೇ ವೀಲ್‌ಚೇರಿನ ಮೇಲೆ ಹುಟ್ಟಿದವು.

ಮತ್ತೆ ಅವಳು ಹಾರಿಸುತ್ತಿದ್ದಳಾ?

ಒಂದು ಕಾಲದಲ್ಲಿ ಹಾರಿಸುತ್ತಿದ್ದಳು! ಈ ಬೀದಿಯ ಗಂಡು ಹುಡುಗರ ಪಟಗಳನ್ನೆಲ್ಲ ಕೊಯ್ದು ಹಾಕುತ್ತಿದ್ದ ಹುಡುಗಿ ಅವಳು. ಪಿಯುಸಿ ಓದುವಾಗ, ಈರುಳ್ಳಿ ಕಿತ್ತು ಹೊಲದಿಂದ ವಾಪಸ್ ಬರುತ್ತಿದ್ದ ಟ್ರ್ಯಾಕ್ಟರ್ ಮಗುಚಿತು. ಬೆನ್ನುಮೂಳೆಗೆ ಪೆಟ್ಟು. ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲ.

ಅವತ್ತಿನಿಂದ ಊರು ಅವಳನ್ನು ಒಂದೊಂದೇ ಜಾಗದಿಂದ ಆಚೆ ಹಾಕುತ್ತಾ ಬಂತು. ಟಾಕೀಸಿಗೆ ಮೆಟ್ಟಿಲು. ಗೆಳತಿಯ ಮದುವೆ ಊಟ ಮೊದಲನೇ ಮಹಡಿಯಲ್ಲಿ. ಪಾರ್ಕಿನ ಗೇಟಿಗೆ ದನ ನುಗ್ಗಬಾರದು ಅಂತ ಸುತ್ತು ಕಂಬಿ ಹಾಕಿದ್ದರು. ದನದ ಜೊತೆಗೆ ಇವಳೂ ಹೊರಗೆ!

"ಮನೇಲಿ ಟೀವಿ ಐತಲ್ಲ, ನೋಡ್ಕಂಡು ಇರು" ಅಂತ ಎಲ್ಲರೂ ಹೇಳುವವರೇ. ಹೇಳಿ ಅವರು ಮಾತ್ರ ಸಿನಿಮಾಕ್ಕೆ ಹೋಗುತ್ತಿದ್ದರು.

* * *

ಕೊಟ್ರೇಶ್ ಒಂದು ಪಟ ಒಯ್ದ. ಮಾರನೇ ದಿನವೇ ಹರಿದುಕೊಂಡು ಬಂದ.

"ಏನ್ರೀ ಇದು, ಪಟಾನಾ ಹಪ್ಪಳಾನಾ? ಹಾರಿಸ್ತಿದ್ದಂಗೆ ಗಿರಗಿರ ಅಂತ ನೆಲಕ್ಕೆ ಬಿತ್ತು!"

"ಸೂತ್ರ ಯಾರು ಕಟ್ಟಿದ್ದು?"

"ನಾನೇ."

"ಅದಕ್ಕೇ ಮತ್ತೆ! ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಕೊಡ್ರಿ ಇಲ್ಲಿ."

ಪಟದ ಬೆನ್ನಿಗೆ ದಾರ ಕಟ್ಟುವ ಆ ಗಂಟೇ ಸೂತ್ರ. ಅದು ಸರಿ ಇದ್ದರೆ ಮಾತ್ರ ಪಟ ಗಾಳಿಗೆ ಮುಖ ಕೊಡುತ್ತೆ. ಅವಳು ಹಲ್ಲಿನಲ್ಲಿ ದಾರ ಕಚ್ಚಿ ಗಂಟು ಬಿಗಿಯುವುದನ್ನು ಅವನು ನೋಡುತ್ತಾ ಕೂತ. ಗಂಟು ಮುಗಿದ ಮೇಲೂ ನೋಡುತ್ತಾ ಕೂತಿದ್ದ!

ಆಮೇಲೆ ದಿನಾ ಸಂಜೆ ಒಂದು ನೆಪ. ಒಂದು ದಿನ ಬಾಲಂಗೋಚಿ ಹರಿದಿರುತ್ತಿತ್ತು, ಇನ್ನೊಂದು ದಿನ ದಾರ ಸಿಕ್ಕಾಗಿರುತ್ತಿತ್ತು. ಮರುಳಸಿದ್ದಮ್ಮ ಟೀ ಕೊಟ್ಟು ಕೊಟ್ಟು ಸುಸ್ತಾದರು.

'ಇವನು ಬರದಿದ್ರೆ ಸಂಜೇನೇ ಆಗಲ್ಲ ಅನ್ಸುತ್ತಲ್ಲ...' ದಾಕ್ಷಾಯಿಣಿ ತನ್ನನ್ನೇ ಬೈದುಕೊಂಡಳು. 'ಸುಮ್ನಿರೇ ದಾಕ್ಷಿ. ಆಸೆ ಇಟ್ಕಂಡೋರೇ ಕೆಡೋದು.'

ಒಂದು ಸಂಜೆ ಅವನು ಕೇಳಿಯೇಬಿಟ್ಟ.

"ನಿಮ್ಮ ಪಟ ಊರ ತುಂಬಾ ಹಾರ್ತಾವೆ. ನೀವ್ಯಾಕೆ ಹಾರಿಸಲ್ಲ?"

ಅವಳು ಗದ್ದ ಎತ್ತಿ ಮಾಳಿಗೆಗೆ ಹೋಗುವ ಕಬ್ಬಿಣದ ಏಣಿ ತೋರಿಸಿದಳು. ಅವನು ತಲೆ ತಗ್ಗಿಸಿದ.

"ಏಕಾದಶಿಗೆ ಬಬ್ಬೂರು ರಸ್ತೆ ಬಯಲಲ್ಲಿ ಸ್ಪರ್ಧೆ ಐತೆ. ನಮ್ಮ ಗೆಳೆಯರ ಬಳಗದ್ದೇ. ಅಲ್ಲಿ ಏಣಿ ಇಲ್ಲ, ಮೆಟ್ಲಿಲ್ಲ..."

ಅವಳ ಕೈ ನಿಂತುಹೋಯಿತು.

"ನನ್ನೂ ಸೇರಿಸ್ತಾರಾ?"

"ಯಾಕೆ ಸೇರಿಸಲ್ಲ?"

"ನೋಡು ಕೊಟ್ರೇಶ..." ಅವಳಿಗೆ ಗೊತ್ತಿಲ್ಲದೆ ಬಹುವಚನ ಬಿದ್ದುಹೋಗಿತ್ತು. "ನನಗೆ ಗೆದ್ದೋರ ಕಪ್ಪು ಬೇಡ, ಹೆಸರೂ ಬೇಡ. ದಾರ ನನ್ನ ಕೈಲಿರಬೇಕು. ಯಾರಾದ್ರೂ ನನ್ನ ಪಟ ಕೊಯ್ಯಾಕೆ ಬರ್ಬೇಕು, ನಾನು ಅವ್ರ ಪಟ ಕೊಯ್ಯಾಕೆ ಹೋಗ್ಬೇಕು. ಅಷ್ಟೇ. ಇನ್ನೇನೂ ಬೇಡ."

"ಸ್ಪರ್ಧೆಗೆ ನಿನ್ನ ಹೆಸರು ನಾನು ಕೊಡ್ತೀನಿ. ನನ್ನ ಮೇಲೆ ಬಿಡು ದಾಕ್ಷಿ."

ದಾಕ್ಷಿ! ಆ ಒಂದು ಹೆಸರಿಗೆ ಅವಳ ಕಿವಿ ಕೆಂಪಾಯಿತು.

ಆ ವಾರ ಅವಳು ಬೇರೆ ಯಾರಿಗೂ ಪಟ ಮಾಡಲಿಲ್ಲ. ತನಗಾಗಿ ಒಂದು ಕೆಂಪು ಪಟ ಮಾಡಿದಳು. ಗಾಜಿನ ಪುಡಿ, ಅನ್ನದ ಗಂಜಿ ಕಲಸಿ ದಾರಕ್ಕೆ ಮಾಂಜಾ ಹಚ್ಚಿದಳು.

"ಜನ ನೋಡಿ ನಗ್ತಾರೆ ಕಣೇ" ಅಂದರು ಮರುಳಸಿದ್ದಮ್ಮ. "ನಾನಂತೂ ಬರಲ್ಲ. ಕಣ್ಣಲ್ಲಿ ನೋಡಾಕಾಗಲ್ಲ."

"ನಗ್ಲಿ ಬಿಡವ್ವ. ನಕ್ಕೋರು ನನ್ನ ಜೊತೆ ಆಡೋಕಾದ್ರೂ ಬರ್ತಾರೆ."

* * *

ಏಕಾದಶಿ ದಿನ ಬೆಳಿಗ್ಗೆಯಿಂದ ದಾಕ್ಷಾಯಿಣಿ ಒಂದು ತೊಟ್ಟು ನೀರು ಕುಡಿಯಲಿಲ್ಲ. ಉಪವಾಸ ಅಂತಲ್ಲ. ಹೊರಗೆ ಹೊರಟರೆ ಅವಳು ನೀರು ಕುಡಿಯುವುದೇ ಇಲ್ಲ. ಬೆನ್ನಿಗೆ ಪೆಟ್ಟು ಬಿದ್ದವರಿಗೆ ತಡೆದುಕೊಳ್ಳುವುದು ಕೈಯಲ್ಲಿಲ್ಲ, ಮತ್ತೆ ಅವಳ ಕುರ್ಚಿ ಹೋಗುವಂಥ ಶೌಚಾಲಯ ಊರಲ್ಲಿ ಅವಳು ಕಂಡಿಲ್ಲ.

ನೀಲಿ ಸೀರೆ, ತಲೆಗೆ ಕನಕಾಂಬರ, ಮಡಿಲಲ್ಲಿ ಕೆಂಪು ಪಟ. ಕೊಟ್ರೇಶ್ ಕಳಿಸಿದ ಆಟೋದಲ್ಲಿ ಬಯಲಿಗೆ ಬಂದು ಇಳಿದು ತಲೆ ಎತ್ತಿದಳು. ಅಬ್ಬಾ... ಎಷ್ಟು ದೊಡ್ಡ ಆಕಾಶ!

ಕುರ್ಚಿಯ ಗಾಲಿ ಮರಳಲ್ಲಿ ಹೂತುಕೊಂಡಿತು. ತಕ್ಷಣ ನಾಲ್ಕು ಜನ ಓಡಿ ಬಂದರು. ಕೇಳಲಿಲ್ಲ, ಹೇಳಲಿಲ್ಲ, ಗಣಪತಿ ಎತ್ತಿದ ಹಾಗೆ ಕುರ್ಚಿ ಸಮೇತ ಎತ್ತಿದರು!

"ಏ, ಎಲ್ಲಿಗ್ರಪ್ಪಾ? ಪಟ ಹಾರಿಸೋ ಜಾಗ ಆ ಕಡೆ!"

"ಬಿಸ್ಲು ಅಕ್ಕಾ, ಮೇಲೆ ನೆರಳೈತೆ."

ವೇದಿಕೆಯ ಮೇಲೆ ಕೂರಿಸಿದರು. ಕೆಳಗೆ ಮೈಕಿನ ಹತ್ತಿರ ನಿಂತಿದ್ದ ಕೊಟ್ರೇಶ್ ಅವಳನ್ನು ನೋಡಿ ಮುಖ ಅರಳಿಸಿ ಕೈ ಬೀಸಿದ. 'ಹೆಸರು ಕರೆಯೋಕೆ ಇರಬೇಕು' ಅಂದುಕೊಂಡು ಅವಳೂ ನಕ್ಕಳು.

ಬಳಗದ ಅಧ್ಯಕ್ಷ ಸಣ್ಣಪ್ಪ ಮೈಕ್ ಹಿಡಿದ.

"ಬಂಧುಗಳೇ! ಈ ಹೆಣ್ಣುಮಗಳನ್ನ ನೋಡಿ. ವಿಧಿ ಇವಳ ಕಾಲು ಕಿತ್ಕಂಡಿತು. ಮದುವೆ ಇಲ್ಲ, ಮಕ್ಕಳಿಲ್ಲ, ಓಡಾಡೋಂಗಿಲ್ಲ. ಆದ್ರೂ ನಗ್ತಾ ಬದುಕ್ತಾವಳೆ! ಇವರನ್ನ ಅಂಗವಿಕಲರು ಅನ್ನಬಾರದು. ದೇವರ ಮಕ್ಕಳು!"

ಚಪ್ಪಾಳೆಯೋ ಚಪ್ಪಾಳೆ! ಹೆಗಲಿಗೆ ಜರಿ ಶಾಲು, ಕೊರಳಿಗೆ ಹಾರ, ಮಡಿಲಿಗೆ ಹಣ್ಣಿನ ಬುಟ್ಟಿ. ಬುಟ್ಟಿ ಇಡಲು ಜಾಗ ಬೇಕು ಅಂತ ಅವಳ ಪಟ ಎತ್ತಿ ಯಾರಿಗೋ ಕೊಟ್ಟರು. ಫೋಟೋದವನು "ಸ್ವಲ್ಪ ನಗ್ರಿ" ಅಂದ. ಎಳನೀರು ತಂದು ಬಾಯಿಗೇ ಹಿಡಿದರು. ಎಲ್ಲರ ಮುಂದೆ ಬೇಡ ಅನ್ನಲಾಗದೆ ಕುಡಿದಳು.

"ಸಣ್ಣಪ್ಪನೋರೇ, ನನ್ನ ಪಾಳಿ ಯಾವಾಗ?"

"ಯಾವ ಪಾಳಿ ತಾಯಿ?"

"ಪಟ ಹಾರಿಸೋದು!"

ಸಣ್ಣಪ್ಪ ಮೈಕಿಗೆ ಕೈ ಅಡ್ಡ ಇಟ್ಟು ನಕ್ಕ. "ಅಯ್ಯೋ ಮಗಳೇ, ಓಡಬೇಕಲ್ಲ ಅದಕ್ಕೆ!"

"ಓಡೋದೇನೂ ಬೇಡ. ಆ ತುದೀಲಿ ಒಬ್ರು ಪಟ ಎತ್ತಿ ಬಿಟ್ರೆ ಸಾಕು. ಅಲ್ನೋಡ್ರಿ, ಎರಡು ಕಾಲಿರೋ ನಿಮ್ಮ ಮಗನಿಗೂ ಒಬ್ರು ಎತ್ತಿ ಬಿಡ್ತಾವ್ರೆ!"

ಸಣ್ಣಪ್ಪನ ನಗು ಸಣ್ಣದಾಯಿತು. "ನಿನಗ್ಯಾಕಮ್ಮ ಆ ಕಷ್ಟ? ಆರಾಮಾಗಿ ಕುಂತು ನೋಡು. ನಿನ್ನ ಪರವಾಗಿ ಬೇರೆಯೋರು ಹಾರಿಸ್ತಾರೆ."

ಅಷ್ಟರಲ್ಲಿ ಮೈಕಿನಿಂದ ಅವಳಿಗೆ ಚೆನ್ನಾಗಿ ಗೊತ್ತಿದ್ದ ದನಿ ಬಂತು.

"ಸನ್ಮಾನಿತರಾದ ದಾಕ್ಷಾಯಿಣಿಯವರು ಸ್ವಂತ ಕೈಯಿಂದ ಮಾಡಿದ ಕೆಂಪು ಪಟ! ಹಾರಿಸುತ್ತಿರುವವರು... ನಿಮ್ಮ ಕೊಟ್ರೇಶ್!"

ದಾಕ್ಷಾಯಿಣಿಗೆ ಏನೂ ಕೇಳಿಸಲಿಲ್ಲ ಆಮೇಲೆ.

ಅವನು ಹಾಡು ಹಾಕಿ, ಮೈಕ್ ಬಿಟ್ಟು, ಅವಳ ಪಟ ಹಿಡಿದು ಬಯಲಿಗೆ ಓಡಿದ. ಅವಳು ಕಟ್ಟಿದ ಸೂತ್ರ, ಅವಳು ಹಚ್ಚಿದ ಮಾಂಜಾ. ಕೆಂಪು ಪಟ ಎಲ್ಲಕ್ಕಿಂತ ಮೇಲೆ ಹೋಯಿತು. ಒಂದೊಂದಾಗಿ ಬೇರೆ ಪಟಗಳನ್ನು ಕೊಯ್ದಿತು. ಜನ ಕೇಕೆ ಹಾಕಿದರು.

'ನೀನೂನಾ ಕೊಟ್ರೇಶ...? ನೀನೂ ಹಿಂಗೇನಾ?'

ವೇದಿಕೆ ಖಾಲಿಯಾಯಿತು. ಅವಳನ್ನು ಎತ್ತಿದ ನಾಲ್ಕು ಜನರೂ ಬಯಲಲ್ಲಿ ಕುಣಿಯುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಅವಳೊಬ್ಬಳೇ!

ಕುಡಿದಿದ್ದ ಎಳನೀರು ತನ್ನ ಕೆಲಸ ಶುರು ಮಾಡಿತು.

"ಯಾರಾದ್ರೂ ಬರ್ರಪ್ಪಾ... ನನ್ನ ಕೆಳಗೆ ಇಳಿಸ್ರಿ!"

ಮೈಕಿನ ಹಾಡು ಜೋರಾಗಿತ್ತು. ಕೊಟ್ರೇಶನ ಹೊಸ ಬಾಕ್ಸುಗಳು, ಬಬ್ಬೂರಿಗೇ ಕೇಳುವಂಥವು. ಅದರ ಮುಂದೆ ಅವಳ ದನಿ ಯಾವ ಲೆಕ್ಕ?

"ಕೊಟ್ರೇಶಾ! ಯಾರಾದ್ರೂ...!"

ಒಬ್ಬ ಹೆಂಗಸು ಈ ಕಡೆ ನೋಡಿದಳು. ದಾಕ್ಷಾಯಿಣಿ ಕೈ ಎತ್ತಿ ಕರೆದಳು. ಆ ಹೆಂಗಸು ನಕ್ಕು ಕೈ ಬೀಸಿ, ಮತ್ತೆ ಆಕಾಶ ನೋಡಿದಳು...

ಆಮೇಲೆ ಕೂಗುವ ಅಗತ್ಯವಿರಲಿಲ್ಲ. ಆಗಬಾರದ್ದು ಆಗಿಹೋಗಿತ್ತು. ನೀಲಿ ಸೀರೆ ಕಪ್ಪಾಯಿತು. ದಾಕ್ಷಾಯಿಣಿ ಹೆಗಲಿನ ಜರಿ ಶಾಲು ತೆಗೆದು, ಹಣ್ಣಿನ ಬುಟ್ಟಿ ಪಕ್ಕದ ಕುರ್ಚಿಗೆ ಇಟ್ಟು, ಮಡಿಲಿಗೆ ಹೊದಿಸಿಕೊಂಡಳು. ಕೊರಳಲ್ಲಿ ಹಾರ ಹಾಗೇ ಇತ್ತು.

ದೇವರ ಮಗಳಂತೆ!

ಎಲ್ಲ ಮುಗಿದ ಮೇಲೆ ಕೊಟ್ರೇಶ್ ಗೆದ್ದ ಕಪ್ಪು ಹಿಡಿದು ಓಡಿ ಬಂದ.

"ಗೆದ್ವಿ ದಾಕ್ಷಿ! ನೀನು ಗೆದ್ದೆ!"

"ನಾನೆಲ್ಲಿ ಆಡ್ದೆ?"

"ಅಂದ್ರೆ... ನಿನ್ನ ಪಟ..."

"ಹೆಸರು ಕೊಡ್ತೀನಿ ಅಂದಿದ್ದೆ ನೀನು!"

"ಕೊಟ್ಟೆ. ಆಟಕ್ಕೆ ಆಗಲ್ಲ, ಬೇಕಾದ್ರೆ ಸನ್ಮಾನ ಮಾಡಾಣ ಅಂದ್ರು ಬಳಗದೋರು. ನಾನು ಚಿಕ್ಕೋನಿದ್ದಾಗಿಂದ ವೇದಿಕೆ ಕೆಳಗೆ ವೈರ್ ಎಳ್ಕಂಡು ಬೆಳೆದೋನು ದಾಕ್ಷಿ. ಮೇಲೆ ಕುಂತೋರೇ ದೊಡ್ಡೋರು. ಶಾಲು ಯಾರಿಗೆ ಸಿಗ್ತೈತೆ ಹೇಳು? ನಿನಗೆ ಹೇಳ್ದೇ ಸರ್ಪ್ರೈಸ್ ಕೊಡಾಣ ಅಂತ... ಅರೆ, ಶಾಲು ಯಾಕೆ ಕಾಲ ಮೇಲೆ? ಹೆಗಲಿಗೆ ಹಾಕ್ಕೋ, ಇಬ್ರೂ ಒಂದು ಫೋಟೋ..."

ಅವನು ಶಾಲಿನ ಅಂಚು ಹಿಡಿದ.

"ಮುಟ್ಟಬೇಡ!!"

ಶಾಮಿಯಾನ ಬಿಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೊಟ್ರೇಶ್ ಕೈ ಹಿಂದೆ ತೆಗೆದುಕೊಂಡ. ಅವನ ಮುಖ ಕಪ್ಪಿಟ್ಟಿತು.

"ನನ್ನ ಕೆಳಗಿಳಿಸೋಕೆ ಯಾರನ್ನಾದ್ರೂ ಕಳ್ಸು. ಮತ್ತೆ ನಮ್ಮನೆ ಕಡೆ ಕಾಲಿಡಬೇಡ" ಅಂದಳು ದಾಕ್ಷಾಯಿಣಿ.

* * *

'ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಮರ್ಯಾದೆ?' ಕೊಟ್ರೇಶನಿಗೂ ರೋಷ ಬಂತು. 'ಫೋಟೋಗೂ ನಾನು ಬೇಡ್ವಾ ಅವಳಿಗೆ? ಶಾಲು ಸಿಕ್ಕಿದ್ದೇ ತಡ, ಕೊಬ್ಬು!' ಹೋಗಲಿಲ್ಲ ಅವನು.

ಇತ್ತ ಊರ ತುಂಬಾ ಮೊಬೈಲಿನಲ್ಲಿ ಸಣ್ಣಪ್ಪ ಅವಳಿಗೆ ಹಾರ ಹಾಕುವ ಫೋಟೋ. ಕೆಳಗೆ, 'ಮಾನವೀಯತೆ ಇನ್ನೂ ಸತ್ತಿಲ್ಲ.' ಹೂಂ, ಸತ್ತಿಲ್ಲ, ಹಾರ ಹಾಕಿಸಿಕೊಂಡು ಕೂತಿತ್ತು!

ದೂರದ ಸಂಬಂಧಿ ಹುಲಿಗೆಮ್ಮ ಅದೇ ಫೋಟೋ ಹಿಡಿದು ಬಂದಳು. "ಹೊಳಲ್ಕೆರೇಲಿ ಒಬ್ರು ಅವ್ರೆ. ಎರಡನೇ ಸಂಬಂಧ, ವಯಸ್ಸು ಸ್ವಲ್ಪ ಜಾಸ್ತಿ. ಫೋಟೋ ನೋಡಿ ಅಯ್ಯೋ ಅಂದ್ರು. ನಮ್ಮ ದಾಕ್ಷಿಗೆ ಇನ್ನೇನು ಬೇಕು?"

"ಅಯ್ಯೋ ಅಂದೋರಿಗೆ ಒಂದು ಲೋಟ ನೀರು ಕುಡಿಸಿ, ಸರಿ ಹೋಗ್ತಾರೆ" ಅಂದಳು ದಾಕ್ಷಾಯಿಣಿ. ಅಂದವಳು ಕೋಣೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಪಟ ಕೇಳಿಕೊಂಡು ಬಂದವರಿಗೆಲ್ಲ ಒಂದೇ ಉತ್ತರ: "ಮಾಡಲ್ಲ." ಬಿದಿರು ಅಟ್ಟ ಸೇರಿತು. ಸಂಜೆ ಬಾಗಿಲ ಸದ್ದಾದರೆ ಮಾತ್ರ ಹಾಳು ಎದೆ ಹಾರುತ್ತಿತ್ತು. ಬಂದಿದ್ದು ಹಾಲಿನವಳು ಅಂತ ಗೊತ್ತಾದರೆ ಸಿಟ್ಟು.

ಆಷಾಢ ಕಳೆದು ಶ್ರಾವಣ ಬಂತು. ತಡೆಯಲಾಗದೆ ಒಂದು ಸಂಜೆ ಕೊಟ್ರೇಶ್ ಬಂದ. ಮರುಳಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತರು.

"ಯಾಕೆ ಬಂದೆ?"

"ನಾನು ಮಾಡಿದ ತಪ್ಪೇನು ಅಂತ ಒಂದು ಮಾತು ಹೇಳ್ಲಿ ಅವಳು. ಹೋಗ್ಬಿಡ್ತೀನಿ. ಶಾಲು ಮುಟ್ಟಿದ್ದೇ ಅಷ್ಟು ದೊಡ್ಡ ತಪ್ಪಾ?"

"ಶಾಲು!" ಮುದುಕಿಯ ಕಣ್ಣು ಕೆಂಡವಾಯಿತು. "ಆ ಶಾಲು ಯಾಕೆ ಮಡಿಲ ಮೇಲಿತ್ತು ಗೊತ್ತೇನೋ? ನೀವೆಲ್ಲ ಅಲ್ಲಿ ಕುಣೀವಾಗ ನನ್ನ ಮಗಳು ಕೂಗಿ ಕೂಗಿ ಸೀರೇಲೇ ಮಾಡ್ಕಂಡ್ಳು ಕಣೋ! ಇಳಿಸಾಕೆ ಒಬ್ಬ ನರಪಿಳ್ಳೆ ಇರ್ಲಿಲ್ಲ. ನಿನ್ನ ಮೈಕು ಕೂಗ್ತಿತ್ತಂತಲ್ಲ, ನನ್ನ ಮಗಳ ಕೂಗು ಯಾರಿಗೆ ಕೇಳಬೇಕಿತ್ತು?"

"ಅವ್ವಾ!" ಒಳಗಿನಿಂದ ದಾಕ್ಷಾಯಿಣಿ ಕಿರುಚಿದಳು. "ಅದನ್ಯಾಕೆ ಹೇಳ್ದೆ? ಯಾಕವ್ವಾ!"

ಕೊಟ್ರೇಶ್ ಹೊಸ್ತಿಲಲ್ಲೇ ಕುಸಿದು ಕೂತ. ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

"ನಿಂಗೇನು ಬೇಕು ಅಂತ ನೀನು ಬಾಯಿಬಿಟ್ಟು ಹೇಳಿದ್ದೆ ದಾಕ್ಷಿ... ನಾನು ನಂಗೆ ಚೆಂದ ಕಂಡಿದ್ದು ಮಾಡ್ದೆ."

ಒಳಗಿನಿಂದ ಕುರ್ಚಿಯ ಗಾಲಿ ಉರುಳಿ ಬಂತು. ದಾಕ್ಷಾಯಿಣಿಯ ಕಣ್ಣು ಊದಿತ್ತು.

"ಅಳಬೇಡ, ನಂಗೆ ಆಗಲ್ಲ. ನಾಳೆ ಬೆಳಿಗ್ಗೆ ಮಾರಿಕಣಿವೆ ನಾಲೆ ಏರಿಗೆ ಬಾ. ಅಲ್ಲಿ ರಸ್ತೆ ಗಟ್ಟಿ ಐತೆ, ನನ್ನ ಕುರ್ಚಿ ನಾನೇ ತಳ್ಕಂಡು ಬರ್ತೀನಿ. ನಿನ್ನ ಪಟ ನೀನು ತಾ. ನಿನ್ನ ಮಾಂಜಾ ನೀನು ಹಚ್ಚು."

"ಈಗ? ಶ್ರಾವಣದಲ್ಲಾ?"

"ಗಾಳಿ ಪಂಚಾಂಗ ನೋಡಲ್ಲ. ಮೈಕ್ ಬೇಡ, ಚಪ್ಪಾಳೆ ಬೇಡ. ಬೇಕಂತ ಬಿಟ್ಟುಕೊಟ್ಟೆ ಅಂದ್ರೆ ನನಗೆ ದಾರದಲ್ಲೇ ಗೊತ್ತಾಗ್ತೈತೆ. ಗೊತ್ತಾದ ಕ್ಷಣಕ್ಕೆ ನಿನಗೂ ನನಗೂ ಋಣ ಮುಗೀತು."

* * *

ನಾಲೆ ಏರಿಯ ಮೇಲೆ ಅವರು ಮೂವರ ಹೊರತು ಒಂದು ನರಪ್ರಾಣಿಯೂ ಇರಲಿಲ್ಲ. ಆ ತುದಿಯಲ್ಲಿ ಮರುಳಸಿದ್ದಮ್ಮ ಹಳದಿ ಪಟ ಎತ್ತಿ ಹಿಡಿದು ಗೊಣಗುತ್ತಿದ್ದರು.

"ಈ ವಯಸ್ಸಲ್ಲಿ ನನ್ನ ಕೈಲಿ ಇದನ್ನೂ ಮಾಡಿಸ್ತಾಳಲ್ಲ ಶಿವನೇ! ಬಿಡ್ಲೇನೇ?"

"ಬಿಡವ್ವಾ!"

ಒಂದು ಸಲ ಬಿತ್ತು. ಇನ್ನೊಂದು ಸಲ ಬಿತ್ತು. ಕೈಗೆ ಹಳೆಯ ಪಟ್ಟು ಮರೆತಿತ್ತು. ಮೂರನೇ ಸಲ ಗಾಳಿ ಬಂತು, ದಾಕ್ಷಾಯಿಣಿ ದಾರ ಜಗ್ಗಿದಳು... ಹಳದಿ ಪಟ ತಲೆ ಎತ್ತಿತು!

ದಾರ ಬೆರಳ ನಡುವೆ ಓಡಿತು. ಆ ಎಳೆತ! ಎಷ್ಟು ವರ್ಷ ಆಗಿತ್ತು ಈ ಎಳೆತ ಕೈಗೆ ಸಿಕ್ಕು! ಅವಳಿಗೆ ಅಳು ಬಂತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಕೊಟ್ರೇಶನ ಹಸಿರು ಪಟ ಅಡ್ಡ ಬಂದಿತ್ತು.

"ಬಾರೋ! ಬಾ!"

ಎರಡೂ ದಾರ ಹೆಣೆದುಕೊಂಡವು. ಅವಳು ಬಿಟ್ಟಳು, ಜಗ್ಗಿದಳು, ಮತ್ತೆ ಬಿಟ್ಟಳು. ಮಾಂಜಾ ಬೆರಳು ಕೊಯ್ದು ರಕ್ತ ಬಂತು.

"ದಾಕ್ಷಿ, ಕೈ!"

"ನನ್ನ ಕೈ ನಾನು ನೋಡ್ಕಂತೀನಿ, ನಿನ್ನ ಪಟ ನೀನು ನೋಡ್ಕೋ!"

ಕೊಟ್ರೇಶನ ಎದೆಯಲ್ಲಿ ಒಂದು ಗಳಿಗೆ ಕನಿಕರ ಎದ್ದಿತು. 'ಕೈ ಸಡಿಲ ಬಿಟ್ಟರೆ ಸಾಕು, ಗೆದ್ದುಬಿಡ್ತಾಳೆ. ಎಷ್ಟು ಅತ್ತಿದಾಳೋ...' ಅವನು ಅವಳ ಮುಖ ನೋಡಿದ. ಹಲ್ಲು ಕಚ್ಚಿಕೊಂಡಿದ್ದಳು, ಕಣ್ಣಲ್ಲಿ ಬೆಂಕಿ. ಆ ಮುಖಕ್ಕೆ ಕನಿಕರ ತೋರಿಸುವುದಾ?

ಅವನು ಉಸಿರು ಬಿಗಿಹಿಡಿದು ದಾರವನ್ನು ಬಲವಾಗಿ ಎಳೆದ.

ಪಟ್!

ದಾಕ್ಷಾಯಿಣಿಯ ದಾರ ಕೈಯಲ್ಲಿ ಜೋತುಬಿತ್ತು. ಹಳದಿ ಪಟ ತೂರಾಡುತ್ತಾ ಗುಡ್ಡದ ಕಡೆ ಹೋಯಿತು.

"ಅಯ್ಯೋ ಪಾಪಿ! ಕೊಯ್ದೇಬಿಟ್ಟ!" ಮರುಳಸಿದ್ದಮ್ಮ ಅಲ್ಲಿಂದಲೇ ಶಪಿಸಿದರು.

ಕೊಟ್ರೇಶ್ ಹೆದರಿಕೊಂಡು ಹತ್ತಿರ ಬಂದ. ದಾಕ್ಷಾಯಿಣಿಯ ಭುಜ ಅಲುಗುತ್ತಿತ್ತು. ಅಳುತ್ತಾಳಾ...?

ಅಲ್ಲ! ನಗುತ್ತಿದ್ದಳು! ಕಣ್ಣೀರು ಸುರಿಯುತ್ತಿತ್ತು, ನಗುತ್ತಿದ್ದಳು!

"ಲೇ ಕೊಟ್ರೇಶ... ನಿಜವಾಗ್ಲೂ ಕೊಯ್ದೆಯಲ್ಲೋ!"

"ನಿಜವಾಗ್ಲೂ."

"ಕನಿಕರ ಬರ್ಲಿಲ್ವಾ?"

"ಬಂತು. ಆದ್ರೂ ಎಳೆದೆ."

"ನಾನು ಆ ಕಡೆಯಿಂದ ಸುತ್ತು ಹಾಕ್ಬೇಕಿತ್ತು. ಆತುರ ಬಿದ್ದೆ, ಸೋತೆ!" ಅವಳು ಆ ಮಾತನ್ನು ಬಾಯಲ್ಲಿ ಸಿಹಿ ಇಟ್ಟುಕೊಂಡ ಹಾಗೆ ಮತ್ತೆ ಹೇಳಿದಳು. "ಸೋತೆ ಕಣೋ!"

ಅವನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ರಕ್ತ ಬರುತ್ತಿದ್ದ ಬೆರಳಿಗೆ ಕರ್ಚೀಫು ಮುಂದೆ ಚಾಚಿದ. ಅವಳು ತೆಗೆದುಕೊಂಡು ತಾನೇ ಸುತ್ತಿಕೊಂಡಳು.

"ದಾಕ್ಷಿ... ನನಗೆ ನೀನಿಲ್ದೆ ಆಗಲ್ಲ. ನನ್ನ ಮದುವೆ ಆಗ್ತೀಯಾ? ನಮ್ಮವ್ವ ಒಪ್ಪಲ್ಲ, ಈಗ್ಲೇ ಹೇಳ್ಬಿಡ್ತೀನಿ. ಕಾಲಿಲ್ದೋಳು ಅಂತ ದಿನಾ ರಂಪ ಮಾಡ್ತಾಳೆ."

"ನಮ್ಮವ್ವನೂ ಒಪ್ಪಲ್ಲ."

"ಊಹೂಂ, ಒಪ್ಪಲ್ಲ!" ಅಂದರು ಮರುಳಸಿದ್ದಮ್ಮ, ಸೊಂಟ ಹಿಡಿದುಕೊಂಡು ಬರುತ್ತಾ.

"ಮತ್ತೆ ನೀನು?"

ದಾಕ್ಷಾಯಿಣಿ ಕುರ್ಚಿಯ ಹಿಂದಿನ ಚೀಲದಿಂದ ಇನ್ನೊಂದು ಪಟ ತೆಗೆದಳು. ದಾರ ಕಟ್ಟುತ್ತಾ ಓರೆಗಣ್ಣಲ್ಲಿ ಅವನನ್ನು ನೋಡಿದಳು.

"ಇದನ್ನೂ ಕೊಯ್ದು ಆಮೇಲೆ ಕೇಳು."

"ಇದ್ರಲ್ಲಿ ನೀನು ನನ್ನ ಪಟ ಕೊಯ್ದರೆ?"

"ಆಗ ನಾನು ಕೇಳ್ತೀನಿ!"